ಆಯಿಯ ಜೊತೆ ಬನದ ಹುಣ್ಣಿಮೆಗೆ

ಬುಧವಾರ, ರಾತ್ರಿ ರೈಲು

ಆಯಿ ಅಂದರೆ ನಮ್ಮಪ್ಪನ ಅವ್ವ. ಅವಳಿಗೆ 80 ದಾಟಿದೆ. ಬನದ ಹುಣ್ಣಿಮೆಗೆ ಬನಶಂಕರಿ ತೇರು ನೋಡಬೇಕು ಅಂತ ದೀಪಾವಳಿಯಿಂದಲೇ ಹೇಳುತ್ತಿದ್ದಳು. ಅಪ್ಪನಿಗೆ ಮೊಣಕಾಲು ನೋವು, ಅವ್ವನಿಗೆ ಮನೆ ಬಿಟ್ಟು ಬರಲಾಗದು. ನಾನು ರಜೆ ಹಾಕಿದೆ. ಅಷ್ಟು ದೂರ ಹೋಗಿ ಬರೀ ಜಾತ್ರೆ ನೋಡಿ ಬರೋದು ಯಾಕೆ ಅನ್ನಿಸಿತು. ಆಯಿ ಹುಟ್ಟಿದ ಬಾಗಲಕೋಟೆ, ಸೊಸೆಯಾಗಿ ಬಂದ ಗುಳೇದಗುಡ್ಡ, ಅವಳ ತಂಗಿ ಇರುವ ಇಳಕಲ್, ಎಲ್ಲವೂ ಒಂದೇ ಜಿಲ್ಲೆಯಲ್ಲಿವೆ. ಅವಳ ಜೊತೆಗೇ ಆ ಊರುಗಳಿಗೆಲ್ಲ ಹೋಗಿ, ಅವಳ ಬಾಯಿಂದಲೇ ಕೇಳಿ ಬರೆದಿಡೋಣ ಅಂದುಕೊಂಡೆ.

ಬರೆಯಲು ಒಂದು ಕಾರಣವೂ ಇತ್ತು. ಕಳೆದ ಮಳೆಗಾಲದಲ್ಲಿ ಆಯಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆವು. ಫಾರಂ ತುಂಬುವಾಗ ಉದ್ಯೋಗ ಏನು ಅಂತ ಕೇಳಿದರು. ಅಪ್ಪ 'ಮನೆಗೆಲಸ' ಅಂದರು. ಪಕ್ಕದಲ್ಲೇ ಕೂತಿದ್ದ ಆಯಿ ಏನೂ ಮಾತಾಡಲಿಲ್ಲ. ಮನೆಗೆ ಬಂದು ಹಳೆಯ ಕಾಗದಗಳನ್ನೆಲ್ಲ ತೆಗೆದು ನೋಡಿದೆ. ರೇಷನ್ ಕಾರ್ಡಿನಿಂದ ಬ್ಯಾಂಕಿನ ಅರ್ಜಿವರೆಗೆ ಎಲ್ಲ ಕಡೆ ಅದೇ ಮಾತು. ಮಗ್ಗದ ಮನೆಯಲ್ಲಿ ನಲವತ್ತು ವರ್ಷ ದುಡಿದ ಆಯಿ ಒಂದು ಕಾಗದದಲ್ಲೂ ನೇಕಾರಳಾಗಿರಲಿಲ್ಲ. ನೇಕಾರ ಅಂದರೆ ನಮಗೆಲ್ಲ ಮುತ್ಯಾ, ಆಯಿಯ ಗಂಡ, ಅಷ್ಟೇ.

ಗೋಲಗುಂಬಜ್ ಎಕ್ಸ್‌ಪ್ರೆಸ್ ಬೆಂಗಳೂರು ಬಿಟ್ಟಾಗ ಕತ್ತಲಾಗಿತ್ತು. ತುಮಕೂರು ಬರುವ ಮೊದಲೇ ಆಯಿ ಬುತ್ತಿ ಬಿಚ್ಚಿದಳು. ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಬದನೆಕಾಯಿ ಎಣ್ಣೆಗಾಯಿ. ಎದುರಿಗೆ ಗದಗಿನ ಗಂಡ ಹೆಂಡತಿ ಕೂತಿದ್ದರು. ಅವರು ಬೇಡ ಅನ್ನುವಷ್ಟರಲ್ಲಿ ಅವರ ಕೈಯಲ್ಲೂ ರೊಟ್ಟಿ ಇತ್ತು. ಆಯಿ ಎಲ್ಲಿಗೆ ಹೋದರೂ ಬುತ್ತಿಯಲ್ಲಿ ನಾಲ್ಕು ರೊಟ್ಟಿ ಜಾಸ್ತಿ ಇರುತ್ತವೆ.

ಗುರುವಾರ, ಗುಳೇದಗುಡ್ಡ

ಬೆಳಿಗ್ಗೆ ಬಾದಾಮಿಯಲ್ಲಿ ಇಳಿದಾಗ ಒಳ್ಳೇ ಚಳಿ. ಎರೆ ಹೊಲದಲ್ಲಿ ಬಿಳಿಜೋಳ ಎದ್ದು ನಿಂತಿತ್ತು, ನಡುನಡುವೆ ಕುಸುಬಿ ಸಾಲು. ಆಚೆಗೆ ಕೆಂಪು ಕಲ್ಲಿನ ಗುಡ್ಡ. ಮೂರನೇ ಗುಹೆಯಲ್ಲಿ ಕ್ರಿ.ಶ. 578ರ ಶಾಸನ ಇದೆ, ಚಳಿ ಇರುವಾಗಲೇ ಹತ್ತಿ ಬರೋಣ್ವಾ ಅಂತ ಕೇಳಿದೆ. 'ಅವು ಎಲ್ಲೂ ಹೋಗಾಂಗಿಲ್ಲ ತಂಗಿ. ಮೊದಲ ಮನೀಗೆ ನಡಿ' ಅಂದಳು ಆಯಿ.

ಗುಳೇದಗುಡ್ಡದ ಬಸ್ಸು ಹತ್ತಿದೆವು. ಕಂಡಕ್ಟರ್ ಬರುವ ಮೊದಲೇ ಆಯಿ ಆಧಾರ್ ಕಾರ್ಡು ಕೈಯಲ್ಲಿ ಹಿಡಿದಿದ್ದಳು. ಶಕ್ತಿ ಯೋಜನೆ ಬಂದಿದ್ದು 2023ರ ಜೂನಿನಲ್ಲಿ. ಅಲ್ಲಿಂದ ಈಚೆಗೆ ಅವಳು ಓಡಾಡಿದ ಊರುಗಳ ಸೊನ್ನೆ ರೂಪಾಯಿ ಟಿಕೆಟ್ಟುಗಳೆಲ್ಲ ಎಲೆ ಅಡಿಕೆ ಸಂಚಿಯಲ್ಲಿ ಇನ್ನೂ ಇವೆ. ಎಸೆ ಅಂದರೆ ಎಸೆಯುವುದಿಲ್ಲ. ಯಾರನ್ನೂ ರೊಕ್ಕ ಕೇಳದೆ ತಿರುಗಾಡಿದ ಲೆಕ್ಕ ಅದು, ಇರಲಿ ಬಿಡಿ.

ಊರ ಮನೆಯಲ್ಲಿ ಈಗ ಕಾಕಾ, ಕಾಕಿ ಇದ್ದಾರೆ. ಕಾಕಾ ಕಿರಾಣಿ ಅಂಗಡಿ ನಡೆಸುತ್ತಾರೆ. ನಾನು ಚಿಕ್ಕವಳಿದ್ದಾಗ ಬೇಸಿಗೆ ರಜೆಗೆ ಬಂದರೆ ಈ ಓಣಿಯಲ್ಲಿ ಬೆಳಗಿನಿಂದ ಸಂಜೆವರೆಗೆ ಮಗ್ಗದ ಸಪ್ಪಳ. ಈಗ ಅಲ್ಲೊಂದು ಇಲ್ಲೊಂದು ಪವರ್‌ಲೂಮ್ ಸದ್ದು ಬಿಟ್ಟರೆ ಸುಮ್ಮನಿದೆ.

ಗುಳೇದಗುಡ್ಡ ಖಣದ ಊರು. ಉತ್ತರ ಕರ್ನಾಟಕದ ಕಡೆ ಇಳಕಲ್ ಸೀರೆ ಉಟ್ಟರೆ ಮೇಲೆ ಗುಳೇದಗುಡ್ಡ ಖಣದ ಕುಪ್ಪಸವೇ ಆಗಬೇಕು. ರೇಷ್ಮೆ, ಹತ್ತಿ ಎರಡೂ ಸೇರಿದ ಬಟ್ಟೆ, ಮೈತುಂಬಾ ಸಣ್ಣ ಬುಟ್ಟಾ, ಎರಡೂ ಕಡೆ ದಡಿ. ಒಂದು ಕುಪ್ಪಸಕ್ಕೆ ಎಷ್ಟು ಬೇಕೋ ಅಷ್ಟೇ ಕತ್ತರಿಸಿ ಮೂರು ಮೂಲೆ ಬರುವ ಹಾಗೆ ಮಡಚಿ ಮಾರುತ್ತಾರೆ. ಉಡಿ ತುಂಬುವುದಕ್ಕೂ ಅದೇ ಬೇಕು. ಮಹಾರಾಷ್ಟ್ರಕ್ಕೂ ಇಲ್ಲಿಂದ ಮಾಲು ಹೋಗುತ್ತಿತ್ತು. ಆಮೇಲೆ ಮ್ಯಾಚಿಂಗ್ ಬ್ಲೌಸ್ ಬಟ್ಟೆ ಬಂತು. ಖಣ ಕೇಳುವವರು ಕಡಿಮೆಯಾದರು, ಮಗ್ಗಗಳು ಒಂದೊಂದಾಗಿ ನಿಂತವು. ಈಗೀಗ ಖಣದಲ್ಲಿ ಚೀಲ, ಕುರ್ತಾ, ಸೀರೆ ಕೂಡ ಬರುತ್ತಿವೆ. ಪಟ್ಟಣದ ಹುಡುಗಿಯರು ಹುಡುಕಿಕೊಂಡು ಕೊಳ್ಳುತ್ತಿದ್ದಾರೆ. ನನಗೂ ಅದು ಖುಷಿಯೇ. ಆದರೆ ನಮ್ಮ ಮನೆಯ ಮಗ್ಗ ಅಷ್ಟೊತ್ತಿಗಾಗಲೇ ಬಿಚ್ಚಿಹೋಗಿತ್ತು.

ಮಗ್ಗದ ಕೋಣೆಯಲ್ಲಿ ಈಗ ಅಕ್ಕಿ, ಬೇಳೆ ಚೀಲಗಳು. ಕುಣಿ ಮಾತ್ರ ಹಾಗೇ ಇದೆ, ಮೇಲೆ ಹಲಗೆ ಮುಚ್ಚಿದ್ದಾರೆ. ಕುಣಿಮಗ್ಗ ಅಂದರೆ ನೆಲದಲ್ಲಿ ತೋಡಿದ ಕುಣಿ. ನೇಯುವವರು ಅದರೊಳಗೆ ಕಾಲು ಇಳಿಬಿಟ್ಟು ಕೂತು, ಕಾಲಲ್ಲಿ ಮಣೆ ತುಳಿಯುತ್ತಾ ಕೈಯಲ್ಲಿ ಲಾಳಿ ಓಡಿಸಬೇಕು. ಕಾಕಾ ಚೀಲ ಸರಿಸಿ ಹಲಗೆ ತೆಗೆದರು. ಆಯಿ ದಂಡೆಯ ಮೇಲೆ ಕೂತು, ಕಾಲು ಇಳಿಬಿಟ್ಟು, ಮಾತಾಡತೊಡಗಿದಳು. ನಾನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ.

1961ರಲ್ಲಿ ಈ ಮನೆಗೆ ಬಂದಾಗ ಅವಳಿಗೆ 16 ವರ್ಷ. ಬಂದ ಮರುದಿನವೇ ಅತ್ತೆ ರಾಟಿ ಮುಂದೆ ಕೂರಿಸಿದರಂತೆ. ನೂಲಿನ ಲಡಿ ಬಿಡಿಸಿ ಕಂಡಕಿ ಸುತ್ತುವ ಕೆಲಸ. ಲಾಳಿಯೊಳಗೆ ಕೂರುವ ಸಣ್ಣ ಕಡ್ಡಿಗೆ ಹೊಕ್ಕಿನ ನೂಲು, ಅಂದರೆ ಅಡ್ಡ ಓಡುವ ಎಳೆ, ಸುತ್ತುವುದು. ಸಡಿಲ ಸುತ್ತಿದರೆ ನಡುವೆ ತೊಡಕು, ಬಿಗಿ ಸುತ್ತಿದರೆ ಎಳೆ ಕಡಿಯುತ್ತದೆ. ಕಂಡಕಿ ಖಾಲಿಯಾಗುವ ಮೊದಲು ಇನ್ನೊಂದು ತಯಾರಿರಬೇಕು, ಇಲ್ಲದಿದ್ದರೆ ಮಗ್ಗ ನಿಲ್ಲುತ್ತದೆ. ನಸುಕಿನಲ್ಲಿ ಎದ್ದು ರೊಟ್ಟಿ ಬಡಿದು, ನೀರು ತಂದು, ಮತ್ತೆ ರಾಟಿಗೆ. ಕೂಸಿಗೆ ಹಾಲು ಕುಡಿಸುತ್ತಲೇ ಒಂದು ಕೈಯಲ್ಲಿ ರಾಟಿ ತಿರುಗಿಸಿದ್ದಾಳೆ. ಆ ಕೂಸು ನಮ್ಮಪ್ಪ. ಮಗ್ಗದ ಮೇಲೆ ಉದ್ದಕ್ಕೆ ಎಳೆದ ನೂಲಿಗೆ ಹಾಸು ಅಂತಾರೆ. ಆ ಹಾಸಿನ ಎಳೆಗಳಿಗೆ ಗಂಜಿ ಹಚ್ಚುವುದು, ಹಳೇ ಹಾಸಿನ ತುದಿಗೆ ಹೊಸ ಹಾಸಿನ ಎಳೆ ಸೇರಿಸಿ ಒಂದೊಂದಾಗಿ ತಿರುವುವುದು, ಇದೆಲ್ಲ ಹೆಂಗಸರ ಪಾಲಿಗೆ. ಮುತ್ಯಾ ದಿನಕ್ಕೆ ನಾಲ್ಕೈದು ಖಣ ನೇಯುತ್ತಿದ್ದ. ಕೂಲಿ ಖಣದ ಲೆಕ್ಕದಲ್ಲಿ ಬರುತ್ತಿತ್ತು. ಕಂಡಕಿಗೆ ಬೇರೆ ಕೂಲಿ ಇರಲಿಲ್ಲ.

72ರ ಬರಗಾಲ ಬಂತು. ಹೊಟ್ಟೆಗಿಲ್ಲದ ವರ್ಷ ಖಣ ಕೊಳ್ಳುವವರು ಯಾರು? ಮಗ್ಗ ನಿಂತಿತು. ಬರಗಾಲದ ಕಾಮಗಾರಿಗೆ ಹೋಗಿ ಆಯಿ ಜಲ್ಲಿ ಒಡೆದಳು. ರಾತ್ರಿ ಅಂಗೈ ಬೊಬ್ಬೆಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಮಲಗುತ್ತಿದ್ದಳಂತೆ. 'ಕೈ ಒರಟಾದ್ರ ಮುಂದ ರೇಷ್ಮಿ ಎಳಿ ಹಿಡಿಯೂದು ಹ್ಯಾಂಗ ಅನ್ನೂದ ಚಿಂತಿ ಆಗಿತ್ತು' ಅಂದಳು. ಬರಗಾಲದ ನಡುವೆಯೂ ಅವಳ ಚಿಂತೆ ಮಗ್ಗದ್ದು.

ಆಮೇಲೆ ಮುತ್ಯಾನಿಗೆ ಕ್ಷಯ ಬಂತು. ಆಸ್ಪತ್ರೆಯಿಂದ ಬಂದ ಮೇಲೂ ಬಹಳ ದಿನ ಕುಣಿಯಲ್ಲಿ ಕೂರುವ ಶಕ್ತಿ ಇರಲಿಲ್ಲ. ಮೂರು ಮಕ್ಕಳು, ವಯಸ್ಸಾದ ಅತ್ತೆ, ಮಗ್ಗದ ಮೇಲೆ ಅರ್ಧಕ್ಕೆ ನಿಂತ ಹಾಸು. ಒಂದು ದಿನ ಬಾಗಿಲು ಮುಂದೆ ಮಾಡಿ ಆಯಿ ತಾನೇ ಕುಣಿಗೆ ಇಳಿದಳು. ನೋಡಿ ನೋಡಿ ಕಲಿತಿದ್ದ ಕೆಲಸ. ಮೊದಲ ಖಣದ ದಡಿ ಸೊಟ್ಟ ಬಂತು. ಬಿಚ್ಚಿ ಮತ್ತೆ ನೇಯ್ದಳು. ನೇಯ್ದ ಮಾಲನ್ನು ಹಿರೇಮಗನ ಕೈಯಲ್ಲಿ ಕೊಟ್ಟು ಸಾವಕಾರರ ಅಂಗಡಿಗೆ ಕಳಿಸಿದಳು. ಸಾವಕಾರರ ಪುಸ್ತಕದಲ್ಲಿ ಅದು ಮುತ್ಯಾನ ಹೆಸರಿನಲ್ಲೇ ಜಮಾ ಆಯಿತು. ಹೀಗೆ ವರ್ಷಗಟ್ಟಲೆ ನಡೆಯಿತು.

'ನೀನ ನೇಯ್ದದ್ದು ಅಂತ ಹೇಳ್ಲಿಲ್ಲೇನ ಆಯಿ?'

'ಹೇಳಿದ್ರ ತಗೋತಿರಲಿಲ್ಲ. ಯಾರು ನೇಯ್ದಾರಂತ ಖಣದ ಮ್ಯಾಲ ಬರದಿರ್ತೈತೇನ?'

ಕಾಕಾ ಬ್ಯಾಟರಿ ಹಿಡಿದು ಕುಣಿಯ ಒಳಗೋಡೆ ತೋರಿಸಿದರು. ಮೇಲಿನ ಗೋಡೆಗೆಲ್ಲ ಬಣ್ಣ ಬಳಿದಿದ್ದಾರೆ. ಕುಣಿಯೊಳಗೆ ಮಾತ್ರ ಸುಣ್ಣ ಮುಟ್ಟಿಲ್ಲ. ಅಲ್ಲಿ ಮೊಳೆಯಿಂದ ಗೀರಿದ ಗೀಟುಗಳು, ಸಾಲಾಗಿ. ನಾಲ್ಕು ನಿಂತ ಗೀಟು, ಅವುಗಳ ಮೇಲೆ ಒಂದು ಅಡ್ಡ ಗೀಟು. ಅಷ್ಟು ಖಣ ಆಯಿತು ಅಂತ ಲೆಕ್ಕ. ಬಲಗಡೆ ಮುತ್ಯಾಂದು, ಎಡಗಡೆ ಆಯಿದು. ಎಡಗಡೆ ಸಾಲುಗಳೇ ಜಾಸ್ತಿ ಇದ್ದವು. ಕಾಕಾ ಈ ಮನೆಯಲ್ಲೇ ಹುಟ್ಟಿ ಬೆಳೆದವರು. ಇದು ಅವ್ವನ ಲೆಕ್ಕ ಅನ್ನುವುದು ಅವರಿಗೂ ಅವತ್ತೇ ತಿಳಿದಿದ್ದು. ನಾನು ಒಂದೊಂದೇ ಸಾಲಿನ ಫೋಟೋ ತೆಗೆದೆ. ಆ ಎಡಗೋಡೆಗೆ ಯಾವತ್ತೂ ಸುಣ್ಣ ಹಚ್ಚಬೇಡಿ ಅಂತ ಕಾಕಿಗೆ ಹೇಳಿ ಬಂದಿದ್ದೇನೆ.

ಶುಕ್ರವಾರ, ಬಾಗಲಕೋಟೆ

ಬಾಗಲಕೋಟೆಗೆ ಹೋಗುವುದಕ್ಕೆ ಆಯಿಗೆ ಅಷ್ಟು ಮನಸ್ಸಿರಲಿಲ್ಲ. 'ಅಲ್ಲೇನೈತಿ ನೋಡಾಕ, ನೀರ' ಅಂದಳು. ಆದರೂ ಬೆಳಿಗ್ಗೆ ಎಲ್ಲರಿಗಿಂತ ಮೊದಲು ತಯಾರಾಗಿ ಕೂತಿದ್ದಳು.

ಆಯಿ ಹುಟ್ಟಿದ್ದು ಹಳೇ ಬಾಗಲಕೋಟೆಯ ಕಿಲ್ಲಾದಲ್ಲಿ. ಅವಳು ಶಾಲೆಗೆ ಸೇರಿದಾಗ ಊರು ಮುಂಬೈ ರಾಜ್ಯದಲ್ಲಿತ್ತು. 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಸೇರಿತು. ಆ ದಿನ ಶಾಲೆಯಲ್ಲಿ ಪೇಢೆ ಕೊಟ್ಟಿದ್ದು ಅವಳಿಗೆ ನೆನಪಿದೆ. ಲೆಕ್ಕದಲ್ಲಿ ಚುರುಕಾಗಿದ್ದಳು. ಏಳನೇ ಇಯತ್ತೆಗೆ ಮುಲ್ಕಿ ಪರೀಕ್ಷೆ ಇರುತ್ತಿತ್ತು. ಮುಲ್ಕಿ ಪಾಸಾದವರು ಆಗ ಮಾಸ್ತರಿಕೆಗೂ ಹೋಗಬಹುದಿತ್ತು. ಆರನೆಯದು ಮುಗಿಯುವಾಗ ಮನೆಯಲ್ಲಿ ಬಾಣಂತನ ಬಂತು, ತಮ್ಮಂದಿರನ್ನು ನೋಡಿಕೊಳ್ಳಲು ಇವಳನ್ನು ಬಿಡಿಸಿದರು. ಮುಲ್ಕಿ ವಿಷಯ ಬಂದಾಗ ಮಾತ್ರ ಅವಳ ದನಿ ಬದಲಾಗುತ್ತದೆ. ಬರಗಾಲದ ಮಾತು ಆಡುವಾಗ ಬದಲಾಗದ ದನಿ, ಇದಕ್ಕೆ ಬದಲಾಗುತ್ತದೆ.

ಆಲಮಟ್ಟಿ ಅಣೆಕಟ್ಟಿಗೆ 1964ರ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದರು. ಆಗ ಆಯಿಗೆ ಮದುವೆಯಾಗಿ ಮೂರು ವರ್ಷ. ನೀರು ಬರುತ್ತದೆ ಅಂತ ಜನ ಹೇಳುತ್ತಲೇ ಇದ್ದರು, ನೀರು ಬರಲಿಲ್ಲ. ನಂಬಿದವರೂ ನಂಬದವರೂ ಅಲ್ಲೇ ಮುದುಕರಾದರು. ಕೊನೆಗೆ ಅಣೆಕಟ್ಟು ಎದ್ದಿತು, ಹಿನ್ನೀರು ಘಟಪ್ರಭೆಯ ಪಾತ್ರ ಹಿಡಿದು ಊರವರೆಗೂ ಬಂತು. ಕಿಲ್ಲಾದ ಓಣಿಗಳು ಖಾಲಿಯಾದವು. ಒಂದಿಷ್ಟು ದೂರದಲ್ಲಿ ನವನಗರ ಕಟ್ಟಿದರು. ಹೋಗುವವರು ಬಾಗಿಲು, ತೊಲೆ, ಕಿಟಕಿ ಎಲ್ಲವನ್ನೂ ಬಿಚ್ಚಿಕೊಂಡು ಹೋದರು.

ದಂಡೆಯಲ್ಲಿ ನಿಂತಾಗ ನೀರು ತುಂಬಿತ್ತು. ಆಯಿ ಕೈ ಚಾಚಿ ಒಂದೊಂದೇ ಜಾಗ ಗುರುತಿಸತೊಡಗಿದಳು. ಅಲ್ಲಿ ಬಾವಿ. ಅದರ ಎದುರಿಗೆ ಗೆಳತಿಯ ಮನೆ. ಅಲ್ಲಿಂದ ಬಲಕ್ಕೆ ತಿರುಗಿದರೆ ನಮ್ಮ ಮಾಳಿಗೆ ಮನೆ. ಹೋಳಿ ಹಬ್ಬಕ್ಕೆ ಆ ಮಾಳಿಗೆ ಮೇಲೆ ಓಣಿಯ ಹೆಂಗಸರೆಲ್ಲ ಸೇರುತ್ತಿದ್ದರು. ಬಾಗಲಕೋಟೆ ಹೋಳಿ ಅಂದರೆ ಈ ಕಡೆಗೆಲ್ಲ ಹೆಸರುವಾಸಿ. ರಾತ್ರಿಯೆಲ್ಲ ಹಲಗಿ ಮಜಲು, ಹಗಲು ಬಂಡಿಗಳಲ್ಲಿ ಬಣ್ಣದ ಹಂಡೆ. ಕೆಳಗಿನಿಂದ ಎರಚುವ ಬಣ್ಣ ಮಾಳಿಗೆ ತನಕ ಬರುತ್ತದೋ ಇಲ್ಲವೋ ಅಂತ ಹುಡುಗಿಯರೆಲ್ಲ ತುದಿಗೆ ಬಂದು ಬಗ್ಗುತ್ತಿದ್ದರಂತೆ. ಅದನ್ನು ಹೇಳುವಾಗ ಆಯಿ ನಿಜವಾಗಿ ಒಂದು ಹೆಜ್ಜೆ ಮುಂದೆ ಬಂದಳು. ನಾನು ತೋಳು ಹಿಡಿದುಕೊಂಡೆ.

ಇನ್ನೂ ನೀರು ಏರುವುದಿದೆ. ಆಲಮಟ್ಟಿಯಲ್ಲಿ ಈಗ 519.60 ಮೀಟರಿಗೆ ನೀರು ನಿಲ್ಲಿಸುತ್ತಾರೆ. ಅದನ್ನು 524.256 ಮೀಟರಿಗೆ ಏರಿಸಲು ಕೃಷ್ಣಾ ನ್ಯಾಯಮಂಡಳಿಯ ತೀರ್ಪು ಒಪ್ಪಿದೆ. ಏರಿದರೆ ಇನ್ನಷ್ಟು ಹಳ್ಳಿ, ಇನ್ನಷ್ಟು ಓಣಿ ಹೋಗುತ್ತವೆ. ಹೊಲಕ್ಕೆ ನೀರು ಬೇಕು, ಅದು ನನಗೂ ಗೊತ್ತು. ಈ ನೀರು ಕಂಡವರ ಹೊಲ ಹಸಿರಾಗಿದೆ. ಆದರೆ ಮನೆ ಬಿಡುವವರಿಗೆ ಮೂವತ್ತು ವರ್ಷ 'ಇವತ್ತಲ್ಲ ನಾಳೆ' ಅಂತ ಹೇಳಿ ಕೂರಿಸುವುದು ಅನ್ಯಾಯ.

ಮಧ್ಯಾಹ್ನ ನವನಗರದಲ್ಲಿ ಆಯಿಯ ಅಣ್ಣನ ಮಗನ ಮನೆಯಲ್ಲಿ ಊಟ. ಮಾದಲಿ ಮಾಡಿದ್ದರು, ಹಾಲು ತುಪ್ಪ ಹಾಕಿ ಬಡಿಸಿದರು. ಮುಳುಗಿದ ಮನೆಯ ಪರಿಹಾರದ ಮಾತು ಬಂತು. ಪರಿಹಾರ ಅಣ್ಣ ತಮ್ಮಂದಿರ ಹೆಸರಿಗೆ ಬಂದಿತ್ತು. ಹೆಣ್ಣುಮಕ್ಕಳದ್ದು ಪಟ್ಟಿಯಲ್ಲಿ ಇರಲಿಲ್ಲ. ಆಯಿ ಕೇಳಿರಲೂ ಇಲ್ಲ. ಅಲ್ಲಿಂದ ಅವಳಿಗೆ ಬಂದಿದ್ದು ಒಂದೇ ವಸ್ತು, ಪಡಸಾಲೆಯ ಬಾಗಿಲಿನ ಹಿತ್ತಾಳೆ ಚಿಲಕ. ತಮ್ಮನನ್ನು ಕೇಳಿ ಬಿಚ್ಚಿಸಿಕೊಂಡಿದ್ದಳು. ಬೆಂಗಳೂರಿನ ನಮ್ಮ ಮನೆಯ ದೇವರ ಕೋಣೆಗೆ ಅದನ್ನೇ ಹಾಕಿದ್ದಾರೆ. ದಿನಾ ಅದನ್ನು ಮುಟ್ಟಿಯೇ ನಾನು ದೀಪ ಹಚ್ಚುತ್ತೇನೆ. ಅದು ಎಲ್ಲಿಂದ ಬಂತು ಅನ್ನುವುದು ಗೊತ್ತಾಗಿದ್ದು ಶುಕ್ರವಾರ ಮಧ್ಯಾಹ್ನ.

ಶನಿವಾರ, ಬನಶಂಕರಿ

ಬನದ ಹುಣ್ಣಿಮೆ. ಬಾದಾಮಿಯಿಂದ ಬನಶಂಕರಿ ಐದು ಕಿಲೋಮೀಟರ್. ಟಂಟಂ ಚೊಳಚಗುಡ್ಡದ ಹತ್ತಿರ ಬರುತ್ತಿದ್ದಂತೆ ಜನವೋ ಜನ. ಅರ್ಧ ದಾರಿಯಲ್ಲೇ ಇಳಿದು ನಡೆದೆವು. ಆಯಿ ಚಪ್ಪಲಿ ಕಳಚಿ ಕೈಚೀಲಕ್ಕೆ ಹಾಕಿಕೊಂಡಳು. 'ಬನಶಂಕರಿ ತಾಯಿ, ನಿನ್ನ ಪಾದಕ ಶಂಭೂಕೋ' ಅಂತ ಹಿಂದಿನವರು ಕೂಗಿದರೆ ಮುಂದಿನವರು ಕೂಗುತ್ತಾರೆ. ಆಯಿಯೂ ಕೂಗಿದಳು. ಮನೆಯಲ್ಲಿ ಮೆಲ್ಲಗೆ ಮಾತಾಡುವವಳ ದನಿ ಅಷ್ಟು ದೊಡ್ಡದು ಅನ್ನುವುದು ಗೊತ್ತಾಗಲು ಜಾತ್ರೆಗೆ ಬರಬೇಕಾಯಿತು.

ಬನಶಂಕರಿ ನೇಕಾರರ ದೇವಿ. ದೇವಾಂಗದವರ ಮನೆದೇವರು. ಕಪ್ಪು ಕಲ್ಲಿನ ಮೂರ್ತಿ, ಸಿಂಹದ ಮೇಲೆ ಕೂತ ಎಂಟು ಕೈಗಳ ತಾಯಿ. ಶಾಕಂಬರಿ ಅಂತಲೂ ಕರೆಯುತ್ತಾರೆ. ಬರಗಾಲದಲ್ಲಿ ಕಾಯಿಪಲ್ಯ ಕೊಟ್ಟು ಲೋಕ ಉಳಿಸಿದಳು ಅಂತ ಕಥೆ. ಅದಕ್ಕೇ ತೇರಿಗೆ ಮುಂಚೆ ಪಲ್ಯದ ಹಬ್ಬ, 108 ಬಗೆಯ ಪಲ್ಯದ ನೈವೇದ್ಯ. ಜಲ್ಲಿ ಒಡೆದು ಮಕ್ಕಳನ್ನು ಸಾಕಿದ ಆಯಿಗೆ ಈ ದೇವಿ ಯಾಕೆ ಅಷ್ಟು ಹತ್ತಿರ ಅಂತ ನಾನು ಕೇಳಬೇಕಿರಲಿಲ್ಲ.

ಗುಡಿ ಮುಂದೆ ಹರಿದ್ರಾ ತೀರ್ಥ. ಸುತ್ತ ಕಲ್ಲಿನ ಮಂಟಪ ಇರುವ ದೊಡ್ಡ ಹೊಂಡ. ಬಾಳೆದಿಂಡಿನ ತೆಪ್ಪ ಕಟ್ಟಿ, ಹರಕೆ ಹೊತ್ತವರು ಎಳೇ ಕೂಸನ್ನು ಅದರಲ್ಲಿ ಮಲಗಿಸಿ ನೀರಿನಲ್ಲಿ ತೇಲಿಸುವ ಪದ್ಧತಿ ಇದೆ. ಆಯಿಯ ಮೊದಲ ಕೂಸು ಹತ್ತು ದಿನಕ್ಕೆ ತೀರಿಹೋಗಿತ್ತು. ನಮ್ಮ ಮನೆಯಲ್ಲಿ ಯಾರೂ ಆ ಮಾತು ಆಡಿದ್ದಿಲ್ಲ. ಎರಡನೆಯವನು ನಮ್ಮಪ್ಪ. ಅವನು ಉಳಿದರೆ ತೆಪ್ಪದಲ್ಲಿ ಬಿಡುತ್ತೇನೆ ಅಂತ ಹರಕೆ ಹೊತ್ತಿದ್ದಳು. ಗುಳೇದಗುಡ್ಡದಿಂದ ಚಕ್ಕಡಿಯಲ್ಲಿ ಬಂದು ಹರಕೆ ತೀರಿಸಿದಳು.

'ಅಂಜಿಕಿ ಬರ್ಲಿಲ್ಲೇನ ಆಯಿ?'

'ಕೂಸು ತೆಪ್ಪದಾಗ ನಿದ್ದಿ ಮಾಡಿತ್ತು. ನಾನ ನಡುಗಾಕತ್ತಿದ್ದೆ. ನಿಮ್ಮ ಮುತ್ಯಾ ನನ್ನ ಕೈ ಗಟ್ಟಿ ಹಿಡಕೊಂಡಿದ್ದ, ಅಷ್ಟ ಮಂದಿ ಮುಂದ.'

ಆ ಕಾಲದಲ್ಲಿ ಅತ್ತೆ ಎದುರಿಗೆ ಗಂಡ ಕೈ ಹಿಡಿಯುವುದು ಅಂದರೆ ಸಣ್ಣ ಮಾತಲ್ಲ. ಮುತ್ಯಾನ ಬಗ್ಗೆ ಅವಳು ನನಗೆ ಹೇಳಿದ ಪ್ರೀತಿಯ ಮಾತು ಅದೊಂದೇ.

ದರ್ಶನ ಮುಗಿಯುವಷ್ಟರಲ್ಲಿ ಹಸಿವಾಗಿತ್ತು. ಮರದ ಕೆಳಗೆ ಬುಟ್ಟಿ ಇಟ್ಟುಕೊಂಡು ಕೂತ ಹೆಂಗಸರು 'ಬರ್ರಿ ಯಕ್ಕಾ, ಊಟ ಮಾಡ್ರಿ' ಅಂತ ಕರೆಯುತ್ತಾರೆ. ಖಡಕ್ ರೊಟ್ಟಿ, ಝುಣಕದ ವಡೆ, ಕೆಂಪು ಖಾರ, ಕಾಳುಪಲ್ಯ, ಪುಟ್ಟ ಮಡಕೆಯಲ್ಲಿ ಗಟ್ಟಿ ಮೊಸರು. ಬಾದಾಮಿ ಕಡೆ ಬಂದವರು ಹೋಟೆಲ್ ಹುಡುಕದೆ ಇವರ ಹತ್ತಿರ ಊಟ ಮಾಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ನಮಗೆ ಬಡಿಸಿದವರು ಚೊಳಚಗುಡ್ಡದವರು. ನಸುಕಿನ ಮೂರಕ್ಕೆ ಎದ್ದು ರೊಟ್ಟಿ ಬಡಿದಿದ್ದಾರೆ. ಆಯಿ ಅವರ ಜೊತೆ ಜೋಳದ ರೇಟಿನಿಂದ ಸೊಸೆಯ ಸ್ವಭಾವದ ತನಕ ಮಾತಾಡಿದಳು. ದುಡ್ಡು ಕೊಡುವಾಗ ಮಾತ್ರ ಚೌಕಾಸಿ ಮಾಡಲಿಲ್ಲ. ಸಂತೆಯಲ್ಲಿ ಕೊತ್ತಂಬರಿ ಕಟ್ಟಿಗೂ ಚೌಕಾಸಿ ಮಾಡುವವಳು ಅವಳು. ಕೇಳಿದ್ದಕ್ಕೆ 'ಬಡದ ಕೈಗೆ ಕೊಡೂದ್ರಾಗ ಕಡಿಮಿ ಮಾಡಬಾರದು' ಅಂದಳು.

ಈ ಜಾತ್ರೆ ಒಂದು ದಿನದ್ದಲ್ಲ, ತಿಂಗಳು ನಡೆಯುತ್ತದೆ. ಕೆತ್ತನೆಯ ಬಾಗಿಲು ಚೌಕಟ್ಟು ಕೊಳ್ಳಲು ಮನೆ ಕಟ್ಟಿಸುವವರೆಲ್ಲ ಇಲ್ಲಿಗೇ ಬರುತ್ತಾರೆ. ಸಾಲಾಗಿ ನಿಲ್ಲಿಸಿದ ಬಾಗಿಲುಗಳ ನಡುವೆ ಆಯಿ ಬಹಳ ಹೊತ್ತು ಓಡಾಡಿದಳು. ಚಿಲಕಗಳನ್ನು ಎಳೆದು ನೋಡಿದಳು.

ಸಂಜೆ ತೇರು. ತೇರು ಎಳೆಯುವ ಹಗ್ಗ ಮಾಡಲಗೇರಿಯಿಂದ ಹಳಿಬಂಡಿಯಲ್ಲಿ ಬರುತ್ತದೆ, ಮೊದಲಿನಿಂದಲೂ ಹಾಗೇ. ತೇರು ಹೊರಟಾಗ ನಾಲ್ಕೂ ಕಡೆಯಿಂದ ಉತ್ತತ್ತಿ, ಬಾಳೆಹಣ್ಣು ಹಾರಿದವು. ಆಯಿ ಎಸೆದ ಉತ್ತತ್ತಿ ಕಳಸದ ಹತ್ತಿರಕ್ಕೂ ಹೋಗಲಿಲ್ಲ, ಯಾರದೋ ರುಮಾಲಿನ ಮೇಲೆ ಬಿತ್ತು. ಅವರು ತಿರುಗಿ ನೋಡಿ, ತೆಗೆದು, ಕಣ್ಣಿಗೆ ಒತ್ತಿಕೊಂಡು ತಾವೇ ಜೋರಾಗಿ ಎಸೆದರು. ಆಯಿಗೆ ಸಮಾಧಾನವಾಯಿತು.

ರಾತ್ರಿ ನಾಟಕ. ನಾಟಕ ಕಂಪನಿಗಳು ವರ್ಷವಿಡೀ ಕಾಯುವುದು ಈ ಜಾತ್ರೆಗೇ. ಇಲ್ಲಿನ ಗಲ್ಲಾಪೆಟ್ಟಿಗೆಯ ಮೇಲೆ ಎಷ್ಟೋ ಕಲಾವಿದರ ಮನೆ ನಡೆಯುತ್ತದೆ. ತಗಡಿನ ಥೇಟರು, ಜಗಮಗ ದೀಪ, ಮೈಕಿನಲ್ಲಿ ಒಂದೇ ಸಮನೆ ಕೂಗು. ಸೊಸೆಯಾಗಿ ಬಂದ ಹೊಸತರಲ್ಲಿ ಆಯಿಗೆ ವರ್ಷಕ್ಕೆ ಒಂದೇ ರಜೆ, ಅದು ಬನದ ಹುಣ್ಣಿಮೆ. ಅತ್ತೆಯೇ ನಾಟಕಕ್ಕೆ ಕರೆದುಕೊಂಡು ಹೋಗುತ್ತಿದ್ದರಂತೆ. ಮನೆಯಲ್ಲಿ ಬಿಗಿಯಾಗಿದ್ದ ಅತ್ತೆ ನಾಟಕದ ಟೆಂಟಿನಲ್ಲಿ ಸೊಸೆಗೆ ಚುರುಮುರಿ ಕೊಡಿಸಿ, ದುಃಖದ ಸೀನು ಬಂದರೆ ಇಬ್ಬರೂ ಒಟ್ಟಿಗೆ ಅಳುತ್ತಿದ್ದರು. ಈ ಸಲದ ನಾಟಕದಲ್ಲಿ ನಗೆಯ ಪ್ರಸಂಗ ಜಾಸ್ತಿ, ಕೆಲವು ಮಾತು ನನಗೆ ಹಿಡಿಸಲಿಲ್ಲ. ಆಯಿ ಕೊನೆಯ ಪರದೆ ಬೀಳುವವರೆಗೂ ಕಣ್ಣು ಮಿಟುಕಿಸದೆ ಕೂತಳು. ತಾಯಿ ಪಾತ್ರದ ಕಲಾವಿದೆಯನ್ನು ನೋಡಬೇಕು ಅಂತ ಹಟ ಹಿಡಿದಳು. ಒಳಗೆ ಹೋಗಿ ಅವರ ಕೈ ಹಿಡಿದು, ಚೀಲದಲ್ಲಿದ್ದ ಒಂದು ಖಣ ಉಡಿಗೆ ಹಾಕಿದಳು. ಆ ತಾಯಿ ಬಣ್ಣ ತುಂಬಿದ ಮುಖದಲ್ಲೇ ಬಗ್ಗಿ ಆಯಿಯ ಕಾಲು ಮುಟ್ಟಿದರು.

ರವಿವಾರ, ಇಳಕಲ್

ನಾವು ಎದ್ದಿದ್ದೇ ತಡ. ಇಳಕಲ್ ತಲುಪುವಷ್ಟರಲ್ಲಿ ಬಿಸಿಲೇರಿತ್ತು. ಆಯಿಯ ತಂಗಿಯನ್ನು ನಾವು ಸಣ್ಣಾಯಿ ಅನ್ನುತ್ತೇವೆ. ಅಕ್ಕ ತಂಗಿ ಪಡಸಾಲೆಯಲ್ಲಿ ಕೂತು ಊರಿನ ಸುದ್ದಿಯನ್ನೆಲ್ಲ ಬಿಚ್ಚಿದರು. ನಾನು ಮಗ್ಗದ ಕೋಣೆಗೆ ಹೋದೆ.

ಇಳಕಲ್ ಸೀರೆಯ ಸೆರಗು ಬೇರೆ ಹಾಸು, ಒಡಲು ಬೇರೆ ಹಾಸು. ಒಡಲಿನ ಒಂದೊಂದು ಎಳೆಯನ್ನೂ ಸೆರಗಿನ ಒಂದೊಂದು ಎಳೆಗೆ ಕೊಂಡಿ ಹಾಕಿ ಜೋಡಿಸುತ್ತಾರೆ. ಸಾವಿರಾರು ಎಳೆ, ಎಲ್ಲವೂ ಕೈಯಲ್ಲೇ. ಆಮೇಲೆ ಕೆಂಪು ಸೆರಗಿನ ಮೇಲೆ ಬಿಳಿ ಹಲ್ಲು ಮೂಡಿದ ಹಾಗೆ ತೋಪ ತೆನಿ ಬರುತ್ತದೆ. ಒಬ್ಬರ ಕೈಯಲ್ಲಿ ಆಗುವ ಕೆಲಸ ಅಲ್ಲ, ಮನೆಮಂದಿಯೆಲ್ಲ ಕೂರಬೇಕು. ಆಯಿಯ ಸೀಮಂತಕ್ಕೆ ಬಾಗಲಕೋಟೆಯಿಂದ ತಂದ ಕಪ್ಪು ಚಂದ್ರಕಾಳಿ ಸೀರೆ ಕೂಡ ಇಂಥದ್ದೇ, ಮೇಲೆ ತೇರು, ಆನೆ, ತುಳಸಿಕಟ್ಟೆಯ ಕಸೂತಿ. ನಮ್ಮವ್ವನ ಸೀಮಂತಕ್ಕೂ ಅದನ್ನೇ ಉಡಿಸಿದ್ದರು.

ಮಗ್ಗದಲ್ಲಿ ಕೂತಿದ್ದವಳು ಸಣ್ಣಾಯಿಯ ಮೊಮ್ಮಗನ ಹೆಂಡತಿ. ಮೂವತ್ತು ದಾಟಿರಲಿಕ್ಕಿಲ್ಲ. ಎಳೆಗಳೆಲ್ಲ ಸರಿಯಾಗೇ ಇದ್ದವು ಅಂತ ನನಗೆ ಕಂಡಿತು. ಆಯಿ ಬಾಗಿಲಲ್ಲಿ ನಿಂತು ಎರಡು ಸಲ ಲಾಳಿ ಓಡಿದ್ದು ನೋಡಿ, 'ನಿಲ್ಲಸು' ಅಂದಳು. ಕೂತು, ಬೆರಳಾಡಿಸಿ, ದಡಿಯ ಹತ್ತಿರ ಒಂದು ಎಳೆ ಕಡಿದಿದ್ದನ್ನು ಹುಡುಕಿ ತೆಗೆದಳು. ಕನ್ನಡಕ ಹಾಕಿರಲಿಲ್ಲ. ತುದಿಯನ್ನು ನಾಲಿಗೆಗೆ ತಾಗಿಸಿ, ಎರಡು ಬೆರಳಲ್ಲಿ ತಿರುವಿ ಸೇರಿಸಿದಳು. ಹುಡುಗಿ ಕಣ್ಣರಳಿಸಿ ನೋಡಿದಳು.

2019-20ರ ಕೈಮಗ್ಗ ಗಣತಿ ಪ್ರಕಾರ ನಮ್ಮ ದೇಶದ ಕೈಮಗ್ಗ ಕೆಲಸಗಾರರಲ್ಲಿ ನೂರಕ್ಕೆ 72 ಮಂದಿ ಹೆಣ್ಣುಮಕ್ಕಳು. ಆಯಿಯ ಕಾಲದಲ್ಲೂ ಅವರು ಕಡಿಮೆ ಇರಲಿಲ್ಲ ಅನ್ನುವುದಕ್ಕೆ ನಮ್ಮ ಮನೆಯ ಕುಣಿಯ ಎಡಗೋಡೆ ಇದೆ.

'ಕೂಲಿ ಯಾರ ಕೈಗೆ ಕೊಡ್ತಾರವ್ವಾ?' ಆಯಿ ಕೇಳಿದಳು.

'ನನಗ ಕೊಡ್ತಾರ ಆಯಿ. ಸರಕಾರದ್ದು ವರ್ಷಕ್ಕ 5,000 ಬರ್ತೈತಿ, ಅದೂ ನನ್ನ ಖಾತೇಕ್ಕ. ಕಾರ್ಡ ನನ್ನ ಹೆಸರಿಗೇ ಐತಿ.'

'ಯಾವ ಕಾರ್ಡ?'

'ನೇಕಾರರ ಕಾರ್ಡ.'

'ತಾ ಇಲ್ಲೆ.'

ಹುಡುಗಿ ಮಗ್ಗದಿಂದ ಎದ್ದು ಒಳಗೆ ಹೋಗಿ, ಬೀರುವಿನಿಂದ ಪ್ಲಾಸ್ಟಿಕ್ ಕವರಿನಲ್ಲಿದ್ದ ಕಾರ್ಡು ತಂದಳು. ಆಯಿ ಕನ್ನಡಕ ಹಾಕಿಕೊಂಡಳು. ಬೆಳಕಿಗೆ ಹಿಡಿದು, ಹೆಸರನ್ನು ಅಕ್ಷರ ಅಕ್ಷರವಾಗಿ ಜೋರಾಗಿ ಓದಿದಳು. ಫೋಟೋ ನೋಡಿದಳು, ಹುಡುಗಿಯ ಮುಖ ನೋಡಿದಳು. ಹಿಂದೆ ತಿರುಗಿಸಿ ಅಲ್ಲಿ ಏನಿದೆ ಅಂತಲೂ ನೋಡಿದಳು.

'ಇದನ್ನ ಬೀರುದಾಗ ಇಡಬ್ಯಾಡ' ಅಂದಳು. 'ಕೈಗೆ ಸಿಗೂ ಕಡೆ ಇಟ್ಕೋ. ಯಾರರ ಏನ ಮಾಡ್ತಿ ಅಂತ ಕೇಳಿದ್ರ ತೋರಸು.'